ಹಳೇ ಲ್ಯಾಪ್‌ಟಾಪಿಗೆ ಹಗುರ ಸಿಸ್ಟಮ್ ಹಾಕಿದ್ದು

ನನ್ನ ಮೊಮ್ಮಗಳು ಪಾಠ ಹೇಳುವ ಮಿಸ್ ಆದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಒಂದು ಗಂಟೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ನಮ್ಮ ವಠಾರದವರೆಲ್ಲ ಕೇಳಿ ಮುಗಿದಿದೆ. ಬ್ಲೌಸಿಗೆ ಅಳತೆ ಕೊಡಲು ಬಂದವರು ಕೈ ಎತ್ತಿಕೊಂಡು ನಿಂತ ಹಾಗೆಯೇ ಕೇಳಿಸಿಕೊಂಡಿದ್ದಾರೆ. ಇನ್ನು ಬರೆದಿಡುವುದೊಂದು ಬಾಕಿ. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಓದಲು ಬರುತ್ತದೆ, ಬರೆಯಲೂ ಬರುತ್ತದೆ, ಎರಡೂ ನಿಧಾನ. ತಪ್ಪಿದ್ದರೆ ತಿದ್ದಲು ಮನೆಯಲ್ಲೇ ಒಬ್ಬಳಿದ್ದಾಳೆ.

ಆದರೆ ಆ ದಿನಗಳನ್ನು ನೆನೆದರೆ ಮೊದಲು ಬರುವುದು ಸಂತೋಷವಲ್ಲ, ಸುಸ್ತು. ಶುಕ್ರವಾರದಿಂದ ಭಾನುವಾರದವರೆಗೆ ಮೂರು ಹಗಲು ಒಂದು ಹಳೇ ಲ್ಯಾಪ್‌ಟಾಪಿನ ಮುಂದೆ ಕೂತು ಹಿಡಿದುಕೊಂಡ ಸೊಂಟ ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಮೂವತ್ತೈದು ವರ್ಷ ಹೊಲಿಗೆ ಮೆಷಿನ್ ತುಳಿದಿದ್ದೇನೆ, ದಸರೆ ಮದುವೆ ಅಂತ ದಿನಕ್ಕೆ ಹತ್ತು ಬ್ಲೌಸ್ ಇಳಿಸಿದ್ದೂ ಉಂಟು. ಆ ಸುಸ್ತು ಬೇರೆ. ಕೈ ಕೆಲಸ ಮಾಡಿ ಬರುವ ಸುಸ್ತಿಗೆ ಊಟ ಮಾಡಿ ಮಲಗಿದರೆ ಆಯಿತು. ಕೈಗೆ ಏನೂ ಕೆಲಸವಿಲ್ಲದೆ, ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ಹೋಗುವುದನ್ನು ಕಾಯುತ್ತಾ ಬರುವ ಸುಸ್ತು ಮಲಗಿದರೂ ಹೋಗುವುದಿಲ್ಲ.

ನಮ್ಮದು ಚಾಮರಾಜಪೇಟೆಯ ವಠಾರದಲ್ಲಿ ಒಂದು ರೂಮು, ಒಂದು ಅಡುಗೆಮನೆ. ಮನೆಯಲ್ಲಿ ಮೂವರು ಹೆಂಗಸರು. ನಾನು, ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೇ ಹೊರಡುವ ನನ್ನ ಮಗಳು, ಅವಳ ಮಗಳು. ಆ ಹುಡುಗಿ ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದಳು. ಡಿಗ್ರಿಗೆ ಸೇರಿಸಲು ಆಗಲಿಲ್ಲ. ಮಾತು ಕಡಿಮೆ. ಅಂಗಡಿಯಲ್ಲಿ ಕೊತ್ತಂಬರಿ ಬಾಡಿದ್ದು ಕೊಟ್ಟರೂ ತೆಗೆದುಕೊಂಡು ಬರುತ್ತಿದ್ದಳು, ಬದಲಾಯಿಸಿ ಕೊಡಿ ಎನ್ನಲು ನಾಚಿಕೆ. ಅವಳಿಗೆ ಓಡುತ್ತಿದ್ದದ್ದು ಬೆರಳು ಮಾತ್ರ. ಬಸವನಗುಡಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಟೈಪಿಂಗ್ ಕಲಿತು ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು. ನಾನು ಒಮ್ಮೆ ಹೋಗಿ ನೋಡಿದ್ದೆ. ಕಣ್ಣು ಪುಸ್ತಕದ ಮೇಲೆ, ಬೆರಳು ಎಲ್ಲೋ. ನನ್ನ ಮೆಷಿನ್ ಕೂಡ ಅಷ್ಟು ಸಮನಾಗಿ ಹೊಲಿಗೆ ಹಾಕುವುದಿಲ್ಲ ಅನ್ನಿಸಿತ್ತು.

ಮೆಟ್ರೋ ಬರುತ್ತದಂತೆ ಎಂದು ಎಲ್ಲರೂ ಹೇಳಲು ಶುರು ಮಾಡಿದ್ದ ಕಾಲ ಅದು. ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಟೈಪ್‌ರೈಟರುಗಳನ್ನೆಲ್ಲ ಹಿಂದಿನ ಕೋಣೆಗೆ ಸೇರಿಸಿ ನಾಲ್ಕು ಕಂಪ್ಯೂಟರ್ ತಂದಿಟ್ಟರು. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡುವ ಹೊಸ ಬ್ಯಾಚು ಸೋಮವಾರ ಶುರು. ಅವರಿಗೆ ಕಂಪ್ಯೂಟರ್ ಬಾರದು, ವಯಸ್ಸೂ ಆಗಿತ್ತು. ಗುರುವಾರ ಇವಳನ್ನು ಕರೆಸಿ ಕೇಳಿದರಂತೆ.

"ನಿನ್ ಕೈ ಓಡತ್ತೆ, ನಂಗೊತ್ತು. ಆದ್ರೆ ಇರೋ ನಾಲ್ಕೂ ಕಲಿಯೋರಿಗೇ ಬೇಕು. ಹೇಳ್ಕೊಡೋರು ತಮ್ದೇ ತರ್ಬೇಕು. ನಿನ್ ಹತ್ರ ಇದೆಯೇನಮ್ಮಾ?"

"ಇದೆ ಸಾರ್," ಅಂದಳಂತೆ ಇವಳು.

"ಹಾಗಾದ್ರೆ ಸೋಮವಾರ ಹತ್ತು ಗಂಟೆಗೆ ತಗೊಂಡು ಬಾ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಮಲ್ಲೇಶ್ವರದಿಂದ ಇನ್ನೊಬ್ಳು ಬರ್ತೀನಿ ಅಂತ ಕಾಯ್ತಿದಾಳೆ."

"ಆಗತ್ತೆ ಸಾರ್."

ಮನೆಗೆ ಬಂದು ಇಷ್ಟನ್ನು ಹೇಳಿ ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ನಾನು ಕತ್ತರಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ. ನಮ್ಮ ಮನೆತನದಲ್ಲಿ ಹೆಂಗಸರು ಹೊಲಿದಿದ್ದೇವೆ, ಹೂ ಕಟ್ಟಿದ್ದೇವೆ, ಅಡುಗೆ ಮಾಡಲು ಹೋಗಿದ್ದೇವೆ. ನಾಲ್ಕು ಜನರ ಮುಂದೆ ನಿಂತು ಪಾಠ ಹೇಳಿದವರು ಒಬ್ಬರೂ ಇಲ್ಲ. ಆ ಹೊತ್ತಿನಲ್ಲಿ ನಾನು ಕತ್ತರಿಸುತ್ತಿದ್ದ ಬ್ಲೌಸಿನ ಕುತ್ತಿಗೆ ಒಂದು ಬೆರಳು ಅಗಲ ಹೆಚ್ಚಾಯಿತು. ಅದರ ಮಾಲೀಕರು ಇವತ್ತಿಗೂ ಅದನ್ನು ಫ್ಯಾಷನ್ ಅಂದುಕೊಂಡಿದ್ದಾರೆ.

ಲ್ಯಾಪ್‌ಟಾಪ್ ಇದ್ದದ್ದು ನಿಜ. ಹಿಂದಿನ ವರ್ಷ ನನ್ನ ಮಗಳು ಎಸ್.ಪಿ. ರಸ್ತೆಯ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕೊಡಿಸಿದ್ದಳು. ಕಪ್ಪಗೆ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಷ್ಟು ಭಾರ. ಒಂದು ಕೀ ಕಿತ್ತುಹೋಗಿ ಅಲ್ಲಿ ರಬ್ಬರಿನ ಮೊಳಕೆ ಮಾತ್ರ ಇತ್ತು. ಬ್ಯಾಟರಿ ಸತ್ತಿತ್ತು. ಗೋಡೆಯ ಪ್ಲಗ್ಗಿನಲ್ಲಿ ವೈರ್ ಇರುವವರೆಗೆ ಜೀವ, ವೈರ್ ಅಲ್ಲಾಡಿದರೆ ಕತ್ತಲು. ಬಟನ್ ಒತ್ತಿದರೆ ಅದು ಕಣ್ಣು ಬಿಡುವಷ್ಟರಲ್ಲಿ ನಾನು ಒಂದು ಬ್ಲೌಸಿಗೆ ಆರು ಹುಕ್ಕು ಹಾಕಿ ಮುಗಿಸುತ್ತಿದ್ದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆಯುಧಪೂಜೆಯ ದಿನ ನಾನು ಹೊಲಿಗೆ ಮೆಷಿನ್, ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆ ಎಲ್ಲವನ್ನೂ ಇಟ್ಟು ಪೂಜೆ ಮಾಡುತ್ತೇನೆ. ಆ ವರ್ಷ ಲ್ಯಾಪ್‌ಟಾಪನ್ನೂ ಇಟ್ಟೆ. ಮುಚ್ಚಿದ್ದಕ್ಕೆ ಏನು ಪೂಜೆ ಎಂದು ಪೂರ್ತಿ ತೆರೆದಿಟ್ಟೆ. "ಅಜ್ಜಿ, ಕುಂಕುಮ ಮುಚ್ಚಳದ ಮೇಲೆ ಮಾತ್ರ ಇಡು, ಒಳಗೆ ಬೇಡ" ಅಂದಳು ಮೊಮ್ಮಗಳು. ಅವಳ ಮಾತು ಮೀರಲಿಲ್ಲ. ಕುಂಕುಮ ಮುಚ್ಚಳಕ್ಕೇ ಇಟ್ಟೆ. ಮಂಗಳಾರತಿ ಎತ್ತಿದ ಮೇಲೆ ಎಲ್ಲದರ ಮೇಲೂ ಒಂದೊಂದು ಹಿಡಿ ಅಕ್ಷತೆ ಹಾಕಿದೆ. ಅಕ್ಷತೆಯ ಮಾತನ್ನು ಅವಳು ಎತ್ತಿರಲಿಲ್ಲ.

ಅಲ್ಲಿಯವರೆಗೆ ಅದು ಉರಿಯುತ್ತಿರುವಷ್ಟು ಹೊತ್ತೂ ಗುಂಯ್ ಎಂದು ಸದ್ದು ಮಾಡುತ್ತಿತ್ತು. ಪೂಜೆಯಾದ ಮೇಲೆ ಸದ್ದು ನಿಂತಿತು. "ನೋಡಿದ್ಯಾ, ಮೈಗೆ ಸಮಾಧಾನ ಆಯ್ತು ಅದಕ್ಕೆ" ಎಂದು ನಾನು ವಠಾರಕ್ಕೆಲ್ಲ ಹೇಳಿಕೊಂಡು ಬಂದೆ. ಅದಾದ ವಾರದಿಂದ ಅದು ನಡುನಡುವೆ ತಾನಾಗಿ ಆರಿಹೋಗಲು ಶುರುವಾಯಿತು. ಇವೆರಡನ್ನೂ ಕೂಡಿಸಿ ನೋಡುವ ಬುದ್ಧಿ ನಮ್ಮ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ.

ಗುರುವಾರವೇ ಅವಳು ಎಸ್.ಪಿ. ರಸ್ತೆಗೆ ಹೋಗಿ ಕೊಟ್ಟವನನ್ನೇ ಕೇಳಿದಳು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. "ಒಳಗಿರೋ ಸಿಸ್ಟಮ್ ಇದಕ್ಕೆ ಭಾರ ಆಗೋಯ್ತು ತಂಗಿ. ಇದರ ವಯಸ್ಸಿಗೆ ತಕ್ಕಂತದ್ದು ಹಾಕ್ಬೇಕು. ಲಿನಕ್ಸ್ ಅಂತ ಇದೆ, ಹಗುರ. ಹಳೇದನ್ನ ಪೂರ್ತಿ ತೆಗೆದು ಇದನ್ನ ಹಾಕು, ಓಡತ್ತೆ." ಒಂದು ಸಿಡಿ ಬರೆದು ಕೊಟ್ಟ.

ಸಿಸ್ಟಮ್ ಅಂದರೆ ಏನೆಂದು ನಾನು ಕೇಳಿದೆ. ಲ್ಯಾಪ್‌ಟಾಪಿಗೆ ಎದ್ದೇಳು, ಕೂರು, ಇದನ್ನು ತೋರಿಸು, ಅದನ್ನು ಇಟ್ಟುಕೋ ಎಂದು ಹೇಳುವುದೇ ಅದು, ಅದಿಲ್ಲದಿದ್ದರೆ ಬರೀ ಡಬ್ಬ ಅಂದಳು. ಭಾರ ಅಂದದ್ದು ನನಗೆ ಕೂಡಲೇ ಅರ್ಥವಾಯಿತು. ಹಳೇ ರೇಷ್ಮೆ ಸೀರೆ ತಂದು ಗಟ್ಟಿಯಾಗಿರಲಿ ಎಂದು ದಪ್ಪ ಫಾಲ್ಸ್ ಹಾಕಿಸಿಕೊಳ್ಳುವವರಿದ್ದಾರೆ. ಫಾಲ್ಸ್ ಹಾಗೇ ಇರುತ್ತದೆ, ಸೀರೆ ಅದರ ಪಕ್ಕದಲ್ಲೇ ಸೀಳುತ್ತದೆ. ಬಟ್ಟೆಯ ವಯಸ್ಸು ನೋಡಿ ಫಾಲ್ಸ್ ಹಾಕಬೇಕು. "ಹಾಗಾದ್ರೆ ಬಿಚ್ಚಿ ಹಾಕು ಪುಟ್ಟಿ" ಅಂದೆ.

ಶುಕ್ರವಾರ ಬೆಳಿಗ್ಗೆ ಕೂತೆವು. ತನ್ನ ಅಭ್ಯಾಸದ ಪುಟಗಳನ್ನೆಲ್ಲ ಮೊದಲು ಒಂದು ಸಣ್ಣ ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಸಿಡಿ ಹಾಕಿದಳು. ಅದು ಇಂಗ್ಲಿಷಿನಲ್ಲಿ ಏನೇನೋ ಕೇಳಿತು, ಇವಳು ಒತ್ತುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು.

"ಅಜ್ಜಿ, ಇಲ್ಲಿ ಹೌದು ಅಂದ್ರೆ ಹಳೇದೆಲ್ಲ ಅಳಿಸೋಗತ್ತೆ. ಆಮೇಲೆ ವಾಪಸ್ ಬರಲ್ಲ."

"ಹೊಲಿಗೆ ಬಿಚ್ಚೋವಾಗ ಅರ್ಧ ಬಿಚ್ಚಿ ಕೂತ್ಕೊಂಡ್ರೆ ಆಗತ್ತಾ? ಒತ್ತು."

ಒತ್ತಿದಳು. ಹಳೆಯದು ಹೋಯಿತು. ನೀಲಿ ಪಟ್ಟಿ ಹೊರಟಿತು. ಹತ್ತು, ಇಪ್ಪತ್ತು, ನಲವತ್ತು. ನಾನು ಅಕ್ಕಿ ತೊಳೆದಿಟ್ಟು ಬಂದೆ, ಐವತ್ತೈದು. ಅರವತ್ತೆರಡಕ್ಕೆ ಬಂದು ಪರದೆ ಕಪ್ಪಾಯಿತು. ಸದ್ದಿಲ್ಲ, ಬೆಳಕಿಲ್ಲ. ಕೈ ಇಟ್ಟು ನೋಡಿದರೆ ತಳ ದೋಸೆ ಹೆಂಚಿನ ಹಾಗೆ ಕಾದಿತ್ತು. ಆರಲು ಬಿಟ್ಟು ಮತ್ತೆ ಮೊದಲಿಂದ. ಮತ್ತೆ ಅರವತ್ತೆರಡು. ಊಟವಾದ ಮೇಲೆ ಇನ್ನೊಂದು ಸಲ. ಆಗ ಅರವತ್ತು. ಹಳೆಯದು ಅಳಿಸಿಹೋಗಿದೆ, ಹೊಸದು ಕೂರುತ್ತಿಲ್ಲ. ನಿನ್ನೆಯವರೆಗೆ ಕುಂಟುತ್ತಾದರೂ ನಡೆಯುತ್ತಿದ್ದದ್ದು ಇವತ್ತು ಬರೀ ಡಬ್ಬ. ಒತ್ತು ಅಂದವಳು ನಾನು.

ಶನಿವಾರ ಅದನ್ನು ತಂಪಾಗಿಡುವುದೇ ಕೆಲಸವಾಯಿತು. ತಳಕ್ಕೆ ಗಾಳಿಯಾಡಲಿ ಎಂದು ನಾಲ್ಕು ಮೂಲೆಗೆ ನಾಲ್ಕು ದಾರದ ಉಂಡೆ ಇಟ್ಟು ಎತ್ತರಿಸಿದೆ. ಒಂದು ಪಕ್ಕ ಟೇಬಲ್ ಫ್ಯಾನು, ಇನ್ನೊಂದು ಪಕ್ಕ ನಾನು, ಬೀಸಣಿಗೆ ಹಿಡಿದು. ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಬಲಗೈ. ಹಸುಗೂಸಿಗೂ ನಾನು ಅಷ್ಟು ಬೀಸಿರಲಿಲ್ಲ. ಬೆಳಿಗ್ಗೆ ಅರವತ್ತೆಂಟಕ್ಕೆ ನಿಂತಿತು. ಹನ್ನೊಂದಕ್ಕೆ ಶುರು ಮಾಡಿದ್ದು ಎಪ್ಪತ್ತೊಂದಕ್ಕೆ ಬಂತು. ಇನ್ನೇನು ಅನ್ನುವಷ್ಟರಲ್ಲಿ ಕರೆಂಟೇ ಹೋಯಿತು. ಎರಡು ಗಂಟೆ ಬರಲಿಲ್ಲ. ಬಂದ ಮೇಲೆ ಮತ್ತೆ ಸೊನ್ನೆಯಿಂದ.

ನಾನು ಗೋಡೆಗೆ ಒರಗಿ ಬೀಸುತ್ತಾ ಬೀಸುತ್ತಾ ತೂಕಡಿಸಿದೆ. ಬೀಸಣಿಗೆ ಕೈಯಿಂದ ಜಾರಿ ಬಿತ್ತು. ಕಣ್ಣು ಬಿಟ್ಟಾಗ ಮೊಮ್ಮಗಳು ಅದನ್ನು ತೆಗೆದುಕೊಂಡು ಬೀಸುತ್ತಿದ್ದಳು. ಲ್ಯಾಪ್‌ಟಾಪಿಗಲ್ಲ, ನನಗೆ. ಪರದೆ ಆಗಲೇ ಕಪ್ಪಾಗಿತ್ತು.

"ಎಷ್ಟಕ್ಕೆ ನಿಲ್ತು?"

"ಅರವತ್ತೆರಡು."

ಸಂಜೆ ನನ್ನ ಮಗಳು ಕೆಲಸದಿಂದ ಬಂದಳು. ಇಡೀ ದಿನ ನಿಂತೇ ಕೆಲಸ ಮಾಡುವವಳು, ಬಂದ ಕೂಡಲೇ ಹೊಸಿಲ ಹತ್ತಿರ ಕೂತು ಕಾಲು ಒತ್ತಿಕೊಳ್ಳುವುದು ಅವಳ ಅಭ್ಯಾಸ. ಒತ್ತಿಕೊಳ್ಳುತ್ತಲೇ ಮಗಳಿಗೆ ಹೇಳಿದಳು, "ಬಿಡೇ, ಸುಮ್ನೆ ಯಾಕೆ ಒದ್ದಾಡ್ತೀಯ. ನಮ್ಮಲ್ಲಿ ಚೆಕಿಂಗ್‌ಗೆ ಜನ ತಗೋತಿದಾರೆ. ಸೋಮವಾರ ನನ್ ಜೊತೆ ಬಂದ್ಬಿಡು, ಸೂಪರ್‌ವೈಸರ್‌ಗೆ ಹೇಳಿದೀನಿ."

ಮೊಮ್ಮಗಳು "ಹೂಂ" ಅಂದಳು.

ಅವಳ ತಾಯಿ ಕೆಟ್ಟದ್ದನ್ನು ಹೇಳಲಿಲ್ಲ. ಆ ಕೆಲಸದಿಂದಲೇ ನಮ್ಮ ಮನೆ ನಡೆದಿದೆ. ಆದರೂ ಆ "ಹೂಂ" ನನ್ನ ಎದೆಯಲ್ಲಿ ಕೂತುಬಿಟ್ಟಿತು. ಬಾಡಿದ ಕೊತ್ತಂಬರಿ ತೆಗೆದುಕೊಂಡು ಬರುವಾಗಲೂ ಅವಳು ಹೀಗೇ ಹೂಂ ಅಂದಿರುತ್ತಾಳೆ.

ಭಾನುವಾರ ಬೆಳಿಗ್ಗೆ ನಾನು ಹೊಲಿಗೆ ಮೆಷಿನ್ ರಿಪೇರಿಯವರ ಮನೆಗೆ ಹೋದೆ. ಎರಡು ರಸ್ತೆ ಆಚೆ. ಇಪ್ಪತ್ತು ವರ್ಷದಿಂದ ನನ್ನ ಮೆಷಿನ್ನು ನೋಡಿಕೊಂಡು ಬಂದವರು. ಲ್ಯಾಪ್‌ಟಾಪ್ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಭಾನುವಾರ ಎಸ್.ಪಿ. ರಸ್ತೆ ಮುಚ್ಚಿರುತ್ತದೆ, ಸಣ್ಣ ಸ್ಕ್ರೂಡ್ರೈವರ್ ಇರುವ ಮನುಷ್ಯರೆಂದರೆ ನನಗೆ ಗೊತ್ತಿದ್ದವರು ಅವರೊಬ್ಬರೇ.

ಅವರು ಬಂದು ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದರು. "ಏನಕ್ಕಾ, ಇದಕ್ಕೆ ಬಾಬಿನ್ ಎಲ್ ಹಾಕೋದು?"

"ತಮಾಷೆ ಬೇಡ, ಬಿಚ್ಚಿ. ನಾಳೆ ಹತ್ತು ಗಂಟೆಗೆ ಇದು ಓಡ್ಬೇಕು, ಇಲ್ಲಾಂದ್ರೆ ನಮ್ ಹುಡುಗಿ ಕೆಲಸ ಹೋಗತ್ತೆ."

"ಬಿಚ್ಚಿದ್ ಮೇಲೆ ಏನಾದ್ರೂ ಮಿಕ್ಕೋದ್ರೆ ನನ್ನ ಕೇಳ್ಬಾರ್ದು."

ತಳದಲ್ಲಿ ಅಂಗೈಯಗಲದ ಒಂದು ಮುಚ್ಚಳ ಇತ್ತು, ಎರಡೇ ಸ್ಕ್ರೂ. ತೆಗೆದರು. ಒಳಗೆ ಆಟದ ಸಾಮಾನಿನಂಥ ಒಂದು ಪುಟ್ಟ ಫ್ಯಾನು. ಅದರ ಮೇಲೆ ಧೂಳು, ನನ್ನ ಬಟ್ಟೆಗಳ ಎಳೆ. ಅವರು ಕಡ್ಡಿಯಿಂದ ಫ್ಯಾನನ್ನು ತಿರುಗಿಸಲು ನೋಡಿದರು. ತಿರುಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಸೂಜಿಗೆ ಸಿಕ್ಕ ದಾರ ತೆಗೆಯುವ ಚಿಮಟವನ್ನು ಒಳಗೆ ಬಿಟ್ಟು, ಏನನ್ನೋ ಎಳೆದು ಅಂಗೈಮೇಲೆ ಇಟ್ಟುಕೊಂಡರು.

ಹಳದಿ ಬಣ್ಣದ ಒಂದು ಅಕ್ಕಿಕಾಳು. ತುಪ್ಪದ ಜಿಡ್ಡಿಗೆ ಧೂಳು ಮೆತ್ತಿಕೊಂಡಿತ್ತು. ಹಿಂದೆಯೇ ಇನ್ನೊಂದು ಬಂತು. ಒಟ್ಟು ಮೂರು.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಅಕ್ಕಾ, ಇದಕ್ಕೆ ಮದ್ವೆ ಯಾವಾಗ ಆಯ್ತು? ನಮಗೆ ಹೇಳ್ಲೇ ಇಲ್ಲ."

ನನಗೆ ಭೂಮಿಯೊಳಗೆ ಇಳಿದ ಹಾಗಾಯಿತು. ಕೀಗಳ ಮೇಲುಗಡೆ ಬಾಚಣಿಗೆಯಂಥ ಸೀಳುಗಳಿದ್ದವು. ಅಲ್ಲಿಂದ ಒಳಗೆ ಇಳಿದಿತ್ತು ನನ್ನ ಅಕ್ಷತೆ. ಸದ್ದು ನಿಂತದ್ದು ಸಮಾಧಾನದಿಂದಲ್ಲ, ಫ್ಯಾನಿನ ಕತ್ತು ಹಿಡಿದದ್ದರಿಂದ. ಗಾಳಿಯಿಲ್ಲದೆ ಅದು ಕಾದು ಕಾದು ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಹೊಲಿಗೆ ಮೆಷಿನ್ ಕಬ್ಬಿಣದ್ದು, ಅದರ ಮೇಲೆ ಎಷ್ಟು ವರ್ಷ ಅಕ್ಷತೆ ಹಾಕಿದರೂ ಉದುರಿಸಿಕೊಂಡು ನಿಲ್ಲುತ್ತದೆ. ಎಲ್ಲವೂ ಹಾಗೆಯೇ ಅಂದುಕೊಂಡಿದ್ದೆ.

ರಿಪೇರಿಯವರು ಹಳೇ ಬ್ರಶ್ಶಿನಿಂದ ಧೂಳು ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದೇ ಒಂದು ತೊಟ್ಟು ಮುಟ್ಟಿಸಿ, ಮುಚ್ಚಳ ಹಾಕಿ ಹೊರಟರು. ಬಾಗಿಲಲ್ಲಿ ನಿಂತು, "ಮುಂದಿನ ಸಲ ಪಾಯಸ ಮಾಡಿದ್ರೆ ಲೋಟದಲ್ಲಿ ಕೊಡಿ ಅಕ್ಕಾ, ಇದರೊಳಗೆ ಹುಯ್ಬೇಡಿ" ಅಂದರು.

ಮೊಮ್ಮಗಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಆ ಮೂರು ಕಾಳನ್ನು ಕಾಗದಕ್ಕೆ ಹಾಕಿ ತುಳಸಿ ಕುಂಡಕ್ಕೆ ಚೆಲ್ಲಿ ಬಂದಳು.

"ನನ್ನಿಂದ ಆಯ್ತಲ್ಲ ಕಂದಾ," ಅಂದೆ.

"ನಾನೂ ಹೇಳ್ಬೇಕಿತ್ತು. ಕುಂಕುಮ ಬೇಡ ಅಂದೆ, ಅಕ್ಷತೆ ಬೇಡ ಅನ್ಲಿಲ್ಲ." ಆಮೇಲೆ ವೈರ್ ಚುಚ್ಚಿ ಬಟನ್ ಒತ್ತಿದಳು. ಗುಂಯ್ ಎಂದು ಸದ್ದು ಬಂತು. ಅಡುಗೆಮನೆಯಿಂದ ನನ್ನ ಮಗಳು ಸೌಟು ಹಿಡಿದುಕೊಂಡೇ ಓಡಿ ಬಂದಳು. ಆ ಸದ್ದನ್ನು ನಾವು ಮೂವರೂ ಬಾಗಿ ನಿಂತು ಕೇಳಿದೆವು.

ಅಷ್ಟರಲ್ಲಿ ಮೊಮ್ಮಗಳ ಮೊಬೈಲಿಗೆ ಮೇಷ್ಟ್ರ ಫೋನು. ಕೀಬೋರ್ಡಿನ ಚಿತ್ರ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಬೇಕು, ಹನ್ನೆರಡಕ್ಕೆ ಬಾ ಎಂದರು. ಬರುವುದಿಲ್ಲ ಅಂದರೆ ಯಾಕೆ ಎನ್ನುತ್ತಾರೆ. ಲ್ಯಾಪ್‌ಟಾಪ್ ಇನ್ನೂ ಎದ್ದಿಲ್ಲ ಎಂದು ಗೊತ್ತಾದರೆ ಮಲ್ಲೇಶ್ವರಕ್ಕೆ ಫೋನು ಹೋಗುತ್ತದೆ. ಇತ್ತ ಸಂಜೆ ಕರೆಂಟು ಇರುತ್ತದೆಂಬ ಭರವಸೆ ಇಲ್ಲ. ನನ್ನ ಮಗಳು ಆ ಭಾನುವಾರ ಓವರ್‌ಟೈಮಿಗೆ ಹೋಗಲೇಬೇಕಿತ್ತು. ಉಳಿದವಳು ನಾನು.

"ನಾನು ನೋಡ್ಕೋತೀನಿ, ಹೋಗು," ಅಂದೆ.

"ಮಧ್ಯ ಅದು ಏನಾದ್ರೂ ಕೇಳತ್ತೆ ಅಜ್ಜಿ. ನಿಂಗೆ ಇಂಗ್ಲಿಷ್ ಬರಲ್ಲ." ಆಮೇಲೆ ಸಿಡಿ ಹಾಕಿ, ಮೊದಲ ಪುಟದಲ್ಲಿ ಬರುವ ಭಾಷೆಗಳ ಪಟ್ಟಿಯನ್ನು ಇಳಿಸುತ್ತಾ ಹೋದಳು. ಏನೇನೋ ಲಿಪಿ, ಏನೇನೋ ದೇಶ. ಅವುಗಳ ಮಧ್ಯದಲ್ಲಿ ಗುಂಡಗೆ, ನನ್ನ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಇದ್ದ ಹಾಗೆಯೇ, 'ಕನ್ನಡ' ಎಂದಿತ್ತು.

ಇದು ಮೊದಲಿಂದಲೂ ಇತ್ತೇ ಎಂದು ಕೇಳಿದೆ. ಇತ್ತು, ತಾನು ಇಂಗ್ಲಿಷ್ ಒತ್ತಿಕೊಂಡು ಮುಂದೆ ಹೋಗುತ್ತಿದ್ದೆ ಅಂದಳು. ಕನ್ನಡ ಒತ್ತಿದಳು. ಪರದೆಯೆಲ್ಲ ಕನ್ನಡವಾಯಿತು. ನಾನು ಓದಿದೆ. ಜೋರಾಗಿ ಓದಿದೆ. ಅರ್ಧಕ್ಕರ್ಧ ಅರ್ಥವಾಗಲಿಲ್ಲ, ಪುರಾಣ ಓದಿದ ಹಾಗಿತ್ತು, ಆದರೂ ಒಂದು ಅಕ್ಷರ ಬಿಡದೆ ಓದಿದೆ. ಬಸ್ಸಿನ ಬೋರ್ಡು, ಪಂಚಾಂಗ, ರೇಷನ್ ಅಂಗಡಿಯ ಹಲಗೆ ಬಿಟ್ಟರೆ ನನಗೆ ಓದಲೆಂದು ಯಾವ ಯಂತ್ರವೂ ಹೀಗೆ ಬರೆದುಕೊಂಡು ನಿಂತಿರಲಿಲ್ಲ.

ಮೊದಲಿನ ಪ್ರಶ್ನೆಗಳನ್ನೆಲ್ಲ ಅವಳೇ ಮುಗಿಸಿ ನೀಲಿ ಪಟ್ಟಿಯನ್ನು ಹೊರಡಿಸಿದಳು. ಎಂಟರ್ ಕೀ ಯಾವುದು, ಪಕ್ಕಕ್ಕೆ ಹೋಗುವ ಬಾಣದ ಕೀ ಯಾವುದು ತೋರಿಸಿದಳು. "ಏನಾದ್ರೂ ಕೇಳಿದ್ರೆ ಬೀದಿ ಕೊನೇಲಿ ಕಾಯಿನ್ ಬೂತ್ ಇದೆಯಲ್ಲ, ಅಲ್ಲಿಂದ ನಂಗೆ ಫೋನ್ ಮಾಡು. ಗೊತ್ತಾಗ್ದೆ ಏನೂ ಒತ್ಬೇಡ." ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ನಾನು ಬಾಗಿಲು ಮುಂದೆ ಮಾಡಿ ಕೂತೆ. ವೈರಿನ ಹತ್ತಿರ ಯಾರೂ ಬಾರದ ಹಾಗೆ ಮಣೆ ಅಡ್ಡ ಇಟ್ಟೆ. ಪಕ್ಕದ ಮನೆಯವರು ಹಪ್ಪಳದ ಹಿಟ್ಟು ಕೇಳಿಕೊಂಡು ಬಂದರು, ಬಾಗಿಲಿಂದಲೇ ಕಳಿಸಿದೆ. ಬಚ್ಚಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ಐವತ್ತು. ಅರವತ್ತು. ಅರವತ್ತೆರಡಕ್ಕೆ ಬಂದಾಗ ನಾನು ಉಸಿರು ಹಿಡಿದೆ. ಅರವತ್ತಮೂರಾಯಿತು. ಫ್ಯಾನು ಗುಂಯ್ ಅನ್ನುತ್ತಲೇ ಇತ್ತು. ಎಪ್ಪತ್ತು ದಾಟಿ ಎಂಬತ್ತಾದಾಗ ಬೆನ್ನು ಸೋತು ಒಂದು ಪಕ್ಕಕ್ಕೆ ವಾಲಿದ್ದೆ, ಕಣ್ಣು ಮಾತ್ರ ಪಟ್ಟಿಯ ಮೇಲೆ.

ತೊಂಬತ್ತರ ಆಚೆ ಎಲ್ಲೋ ಪಟ್ಟಿ ನಿಂತು ಒಂದು ಚೌಕ ಬಂತು. ಅದರಲ್ಲಿ ಪ್ರಶ್ನೆ. ಬೆರಳಿಟ್ಟು ಓದಿದೆ. ಈ ಕಂಪ್ಯೂಟರಿನಲ್ಲಿ ಈಗ ಹಾಕುತ್ತಿರುವ ಸಿಸ್ಟಮ್ ಒಂದೇ ಇರುವ ಹಾಗೆ ಕಾಣುತ್ತದೆ, ಬೇರೆ ಯಾವುದೂ ಇಲ್ಲದಿದ್ದರೆ ಇದನ್ನೇ ಮೊದಲು ಏಳುವಂತೆ ಮಾಡಬಹುದು, ಮಾಡಲೇ ಎಂಬ ಅರ್ಥದ ಮಾತು. ಕೆಳಗೆ ಎರಡು ಮನೆ, 'ಹೌದು', 'ಇಲ್ಲ'.

ಕಾಯಿನ್ ಬೂತಿಗೆ ಹೋಗಬೇಕು. ಎದ್ದು ನಿಂತೆ. ನನ್ನ ಕಾಲಿಗೆ ಬೀದಿಯ ಕೊನೆಗೆ ಹೋಗಿ ಬರಲು ಅರ್ಧ ಗಂಟೆ. ಅಷ್ಟರಲ್ಲಿ ಕರೆಂಟು ಹೋದರೆ ಮತ್ತೆ ಸೊನ್ನೆಯಿಂದ. ಮತ್ತೆ ಕೂತೆ. ಇನ್ನೊಂದು ಸಲ ಓದಿದೆ. ಆಮೇಲೆ ಮೂರನೇ ಸಲ. ಅದು ಕೇಳುತ್ತಿದ್ದದ್ದು ನನಗೆ ಗೊತ್ತಿದ್ದದ್ದೇ. ಬೇರೆ ಯಾವುದಾದರೂ ಇದೆಯೇ? ಇಲ್ಲ. ಶುಕ್ರವಾರವೇ ನನ್ನ ಮುಂದೆಯೇ ಅಳಿಸಿದ್ದಾಗಿದೆ. ಒತ್ತು ಅಂದವಳೇ ನಾನು. ಇರುವುದು ಇದೊಂದೇ.

ಹೌದು ಎಂಬುದರ ಮೇಲೆ ತಂದು ಎಂಟರ್ ಒತ್ತಿದೆ. ಬೆರಳು ಎರಡು ಸಲ ಬಿತ್ತೋ ಏನೋ ಎಂದು ಬೇರೆ ಭಯ. ಪಟ್ಟಿ ಹೊರಟಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಚೌಕ. ಅನುಸ್ಥಾಪನೆ ಪೂರ್ಣಗೊಂಡಿದೆ, ಸಿಡಿ ತೆಗೆದು ಮುಂದುವರಿಸಿ ಎಂದಿತ್ತು. ಅನುಸ್ಥಾಪನೆ ಎಂಬ ಮಾತು ನಾನು ಕೇಳಿದ್ದೇ ಮೊದಲು. ಪೂರ್ಣ ಎಂಬುದು ಗೊತ್ತಿತ್ತು. ಸಿಡಿಯನ್ನು ಮುಟ್ಟುವ ಧೈರ್ಯ ಬರಲಿಲ್ಲ. ಅವಳು ಬರುವವರೆಗೆ ಒಂದೂವರೆ ಗಂಟೆ ಹಾಗೇ ಕಾವಲು ಕೂತಿದ್ದೆ.

ನಾಲ್ಕಕ್ಕೆ ಬಂದವಳು ಚಪ್ಪಲಿ ಬಿಡದೆ ಒಳಗೆ ಬಂದು ಪರದೆ ನೋಡಿದಳು.

"ಮಧ್ಯ ಏನೂ ಕೇಳ್ಲಿಲ್ವಾ?"

"ಕೇಳ್ತು. ಹೇಳ್ದೆ."

"ಏನು ಕೇಳ್ತು? ಏನು ಹೇಳ್ದೆ?"

"ಬೇರೆ ಯಾರಾದ್ರೂ ಇದಾರಾ ಅಂತು. ಇಲ್ಲ, ನೀನೊಬ್ಳೇ ಅಂದೆ."

ಅವಳು ಸಿಡಿ ತೆಗೆದು ಎಂಟರ್ ಒತ್ತಿದಳು. ಪರದೆ ಕಪ್ಪಾಯಿತು. ಆಮೇಲೆ ಅದು ಎದ್ದಿತು, ನಾನು ಎರಡು ಹುಕ್ಕು ಹಾಕುವಷ್ಟರಲ್ಲಿ ಎದ್ದಿತು. ಅವಳು ಬರೆಯುವ ಪುಟ ತೆರೆದು ಸ್ವಾತಂತ್ರ್ಯ, ರಾಷ್ಟ್ರ, ಉತ್ಪ್ರೇಕ್ಷೆ ಎಂದು ಟೈಪಿಂಗ್ ಪರೀಕ್ಷೆಯ ಕಷ್ಟದ ಮಾತುಗಳನ್ನೆಲ್ಲ ಬಡಿದು ನೋಡಿದಳು. ಒತ್ತಕ್ಷರಗಳು ಒಂದೂ ಚೆದುರದೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಹಾಗೆಯೇ ಹಿಂದಕ್ಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ಆಗ ಬಚ್ಚಲಿಗೆ ಹೋದೆ.

ಸೋಮವಾರ ಒಂಬತ್ತಕ್ಕೇ ಹೊರಟಳು. ಲ್ಯಾಪ್‌ಟಾಪಿಗೆ ಬ್ಯಾಗ್ ಇರಲಿಲ್ಲ. ಹಳೇ ಪರದೆ ಬಟ್ಟೆಗೆ ಒಳಗೆ ಎರಡು ಮಡಿಕೆ ಹತ್ತಿ ಕೊಟ್ಟು ಬೆಳಿಗ್ಗೆ ನಾನೇ ಒಂದು ಚೀಲ ಹೊಲಿದೆ. ಅವಳ ತಾಯಿ ಏಳಕ್ಕೆ ಹೊರಡುವಾಗ ಸೂಪರ್‌ವೈಸರ್ ಮಾತು ಎತ್ತಲಿಲ್ಲ. ಮಗಳ ದುಪಟ್ಟಾಕ್ಕೆ ಒಂದು ಪಿನ್ನು ಚುಚ್ಚಿ ಹೋದಳು.

ಮೊಮ್ಮಗಳು ಹೋದ ಮೇಲೆ ನನಗೆ ಯಾವ ಕೆಲಸಕ್ಕೂ ಕೈ ಬರಲಿಲ್ಲ. ಹೊಲಿಯಬೇಕಾದ ಬ್ಲೌಸುಗಳು ರಾಶಿ ಬಿದ್ದಿದ್ದವು. ನೆಲದ ಮೇಲೆ ಉರುಳಿಕೊಂಡೆ, ನಿದ್ದೆ ಬರಲಿಲ್ಲ. ಎದ್ದು ಕೂತೆ, ಕೂರಲಾಗಲಿಲ್ಲ. ಮೈಯ ಒಂದೊಂದು ಗಂಟೂ ಬೇರೆ ಬೇರೆಯಾಗಿ ನೋಯುತ್ತಿತ್ತು.

ಎರಡು ಗಂಟೆಗೆ ಬಂದಳು. ಚೀಲವನ್ನು ಮೆಲ್ಲಗೆ ಮೂಲೆಯಲ್ಲಿಟ್ಟು ನೀರು ಕೇಳಿದಳು. ಗಂಟಲು ಒಡೆದುಹೋಗಿತ್ತು, ಕೇಳಿದ್ದು ಗಾಳಿಯ ಹಾಗಿತ್ತು. ಹುಟ್ಟಿದಾರಭ್ಯ ಅಷ್ಟು ಹೊತ್ತು ಜೋರಾಗಿ ಮಾತಾಡಿದವಳಲ್ಲ. ಬಿಸಿನೀರು ಕೊಟ್ಟೆ.

"ಎಷ್ಟು ಜನ?"

"ಹನ್ನೊಂದು. ಇಬ್ಬಿಬ್ರು ಮೂರ್ಮೂರು ಜನ ಒಂದೊಂದಕ್ಕೆ. ಒಬ್ರು ಅಮ್ಮನಿಗಿಂತ ದೊಡ್ಡೋರು, ಆಫೀಸಲ್ಲಿ ಪ್ರಮೋಷನ್‌ಗೆ ಬೇಕಂತೆ. ಅವರೂ ನನ್ನ ಮಿಸ್ ಅಂದ್ರು."

"ಮೇಷ್ಟ್ರು ಏನಂದ್ರು?"

"ನಾಳೆ ಸಾಯಂಕಾಲಕ್ಕೂ ಬಾ ಅಂದ್ರು. ಎರಡ್ನೇ ಬ್ಯಾಚ್ ಇಡ್ತಾರಂತೆ."

ಇಷ್ಟು ಹೇಳಿ, ಊಟ ಆಮೇಲೆ ಎಂದು ಕೈಸನ್ನೆ ಮಾಡಿ, ಚಾಪೆಯ ಮೇಲೆ ಬಿದ್ದವಳು ಆ ಕ್ಷಣಕ್ಕೇ ನಿದ್ದೆ ಹೋದಳು. ನಾನು ಕಿಟಕಿಗೆ ಒಂದು ಸೀರೆ ಇಳಿಬಿಟ್ಟು ಬಿಸಿಲು ತಡೆದೆ.

ಮೂರು ಗಂಟೆಗೆ ಹಿಂದಿನ ರಸ್ತೆಯವರು ಬ್ಲೌಸ್ ಕೇಳಿಕೊಂಡು ಬಂದರು. ಮದುವೆಗೆ ಹೋಗಬೇಕಿತ್ತು ಅವರಿಗೆ, ಧ್ವನಿಯಲ್ಲಿ ಸಿಟ್ಟಿತ್ತು. "ಶನಿವಾರ ಕೊಡ್ತೀನಿ ಅಂದಿದ್ರಲ್ರೀ, ಇವತ್ತೂ ಆಗಿಲ್ವಾ?"

ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. "ಮೆಲ್ಲಗೆ ಮಾತಾಡಿ. ಒಳಗೆ ಮಿಸ್ ಮಲಗಿದಾರೆ."

"ಯಾವ ಮಿಸ್ಸು?"

"ನಮ್ಮನೆಯವರೇ," ಅಂದೆ. "ನಾಳೆ ಬನ್ನಿ, ಎಲ್ಲಾ ಹೇಳ್ತೀನಿ. ಬ್ಲೌಸೂ ಕೊಡ್ತೀನಿ."